ವಠಾರದ ಸರ್ವರಿಗೆ ಸುರಂಗ: ಶೇರ್ಡ್ ಹೋಸ್ಟಿಂಗ್‌ನಲ್ಲಿ ಎಸ್‌ಎಸ್‌ಎಚ್ ಬಳಸುವ ಬಗೆ

ಕನ್ನಡ ಜಾಲತಾಣ ನಡೆಸುವವರಿಗೆ ಹೋಸ್ಟಿಂಗ್ ಪ್ಯಾನೆಲ್‌ನ ಮಿತಿ ಬೇರೆಯವರಿಗಿಂತ ಬೇಗ ಎದುರಾಗುತ್ತದೆ. ಕಾರಣ ಸರಳ. ಯುಟಿಎಫ್-8ರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. 'ಕ್ಷ' ಎಂದು ಬರೆದರೆ ಕಕಾರ, ಹಲಂತ, ಷಕಾರ ಸೇರಿ 9 ಬೈಟ್. ಹತ್ತು ವರ್ಷದ ಲೇಖನಗಳಿರುವ ಪತ್ರಿಕೆಯ ಡೇಟಾಬೇಸನ್ನು ಹೊಸ ಹೋಸ್ಟಿಂಗಿಗೆ ಸಾಗಿಸಲು ಕೂತರೆ, ಬ್ರೌಸರಿನಲ್ಲಿ ಡೇಟಾಬೇಸ್ ನಿಭಾಯಿಸುವ ಪಿಎಚ್‌ಪಿಮೈಅಡ್ಮಿನ್ ಅರ್ಧದಾರಿಯಲ್ಲಿ ಕೈಚೆಲ್ಲುತ್ತದೆ. ಅಪ್‌ಲೋಡ್ ಮಿತಿ ಬಹಳ ಕಡೆ 50 ಎಂಬಿ. ಫೈಲನ್ನು ಐದಾರು ತುಂಡು ಮಾಡಿ, ಒಂದೊಂದಾಗಿ ಏರಿಸಿ, ಮೂರನೆಯದು ಕೈಕೊಟ್ಟಾಗ ಮತ್ತೆ ಮೊದಲಿಂದ ಶುರುಮಾಡಿದವರಿಗೆ ಆ ಸಂಕಟ ಗೊತ್ತು.

ಇದಕ್ಕೆ ಮದ್ದು ನೀವು ಈಗಾಗಲೇ ದುಡ್ಡು ಕೊಟ್ಟು ಕೊಂಡಿರುವ ಪ್ಲಾನಿನಲ್ಲೇ ಇರಬಹುದು. ಅದರ ಹೆಸರು ಎಸ್‌ಎಸ್‌ಎಚ್, ಅಂದರೆ ಸೆಕ್ಯೂರ್ ಶೆಲ್. ಶೆಲ್ ಎಂದರೆ ಸರ್ವರಿಗೆ ಆದೇಶ ಟೈಪಿಸುವ ಕಿಟಕಿ, ಎಸ್‌ಎಸ್‌ಎಚ್ ಎಂದರೆ ದೂರದಿಂದ ಅದನ್ನು ಗುಟ್ಟಾಗಿ ತಲುಪುವ ದಾರಿ. ಆದರೆ ಶುರುಮಾಡುವ ಮೊದಲು ಒಂದು ಚಿತ್ರ ಮನಸ್ಸಿನಲ್ಲಿರಲಿ. ಶೇರ್ಡ್ ಹೋಸ್ಟಿಂಗ್ ಎಂದರೆ ವಠಾರ. ನಿಮ್ಮ ಕೋಣೆಗೆ ನಿಮ್ಮದೇ ಬೀಗ ಇದೆ, ಆದರೆ ಅಂಗಳ ಒಂದೇ, ನಲ್ಲಿ ಒಂದೇ. ರಾತ್ರಿ ಗೇಟಿಗೆ ಬೀಗ ಹಾಕುವವರು ಮಾಲೀಕರು. ವಿಪಿಎಸ್, ಅಂದರೆ ನಿಮಗೊಬ್ಬರಿಗೇ ಮೀಸಲಾದ ವರ್ಚುವಲ್ ಸರ್ವರ್, ಸ್ವಂತ ಮನೆ. ಅಂತರ್ಜಾಲದಲ್ಲಿ ಸಿಗುವ ಎಸ್‌ಎಸ್‌ಎಚ್ ಪಾಠಗಳಲ್ಲಿ ಹೆಚ್ಚಿನವು ಸ್ವಂತ ಮನೆಯವರಿಗಾಗಿ ಬರೆದವು. ಅವನ್ನು ವಠಾರದಲ್ಲಿ ಹಾಗೇ ಮಾಡಹೋದರೆ ಕೆಲವು ನಡೆಯುವುದಿಲ್ಲ. ಇನ್ನು ಕೆಲವು ನಡೆಯುತ್ತವೆ, ಅಪಾಯ ಇರುವುದು ಅವುಗಳಲ್ಲೇ.

ಇನ್ನೊಂದು ಮಾತು. ಆದೇಶಗಳನ್ನು ಫೋನಿನಲ್ಲಿ ಓದಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪಿಸುವಾಗ ಇಂಗ್ಲಿಷ್ ಅಕ್ಷರ, ಎಲ್ಲವೂ ಸಣ್ಣಕ್ಷರ. ದೊಡ್ಡಕ್ಷರ ಬೇಕಾದ ಕಡೆ ಬಿಡಿಸಿ ಹೇಳುತ್ತೇನೆ. ಅಂಕಿ, ಚುಕ್ಕೆ, ಕೋಲನ್, ಅಡ್ಡಗೆರೆ, ಖಾಲಿ ಜಾಗ ಇದ್ದಂತೆಯೇ.

ಮೊದಲು: ನಿಮ್ಮ ಪ್ಲಾನಿನಲ್ಲಿ ಶೆಲ್ ಇದೆಯೇ?

ನಿಮ್ಮ ಹೋಸ್ಟಿಂಗ್ ಪ್ಯಾನೆಲ್ ಸಿಪ್ಯಾನೆಲ್ ಆಗಿದ್ದರೆ ಸೆಕ್ಯೂರಿಟಿ ವಿಭಾಗದಲ್ಲಿ 'ಎಸ್‌ಎಸ್‌ಎಚ್ ಆಕ್ಸೆಸ್' ಹುಡುಕಿ. ಅಡ್ವಾನ್ಸ್ಡ್ ವಿಭಾಗದಲ್ಲಿ 'ಟರ್ಮಿನಲ್' ಕಂಡರೆ ಇನ್ನೂ ಒಳ್ಳೆಯದು, ಬ್ರೌಸರಿನಲ್ಲೇ ಶೆಲ್ ತೆರೆಯುತ್ತದೆ. ಎರಡೂ ಇಲ್ಲವೇ? ಅತಿ ಅಗ್ಗದ ಪ್ಲಾನುಗಳಲ್ಲಿ ಇದನ್ನು ಕೊಡದಿರುವುದುಂಟು, ಕೆಲವೆಡೆ ಸಪೋರ್ಟಿಗೆ ಬರೆದು ಕೇಳಿದರೆ ತೆರೆದುಕೊಡುತ್ತಾರೆ. ಕೇಳುವಾಗ 'ಶೆಲ್ ಬೇಕು' ಎಂದೇ ಕೇಳಿ. ಬರೀ 'ಎಸ್‌ಎಫ್‌ಟಿಪಿ ಇದೆ' ಎಂಬ ಉತ್ತರಕ್ಕೆ ತಲೆಯಾಡಿಸಬೇಡಿ, ಅದು ಫೈಲು ಸಾಗಿಸಲು ಮಾತ್ರ. ಎಸ್‌ಎಫ್‌ಟಿಪಿ ಮಾತ್ರ ಇರುವ ಖಾತೆಗೆ ಎಸ್‌ಎಸ್‌ಎಚ್ ಮಾಡಿದರೆ 'ದಿಸ್ ಸರ್ವಿಸ್ ಅಲೋಸ್ ಎಸ್‌ಎಫ್‌ಟಿಪಿ ಕನೆಕ್ಷನ್ಸ್ ಓನ್ಲಿ' ಎಂದು ಹೇಳಿ ಬಾಗಿಲು ಮುಚ್ಚುತ್ತದೆ.

ಪ್ಯಾನೆಲ್‌ನಿಂದ ಮೂರು ವಿವರ ಬರೆದಿಟ್ಟುಕೊಳ್ಳಿ: ಸರ್ವರಿನ ವಿಳಾಸ, ಯೂಸರ್‌ನೇಮ್, ಪೋರ್ಟ್ ಸಂಖ್ಯೆ (ಸರ್ವರಿನ ಯಾವ ಬಾಗಿಲು ತಟ್ಟಬೇಕು ಎಂಬ ನಂಬರು). ಹೆಚ್ಚು ಜನ ಎಡವುವುದು ಮೂರನೆಯದರಲ್ಲಿ. ಎಸ್‌ಎಸ್‌ಎಚ್‌ನ ಅಧಿಕೃತ ಪೋರ್ಟ್ 22. ಆದರೆ ಶೇರ್ಡ್ ಹೋಸ್ಟಿಂಗ್ ಕಂಪನಿಗಳು ಯಂತ್ರಗಳ ಮೂಲಕ ಬರುವ ಪಾಸ್‌ವರ್ಡ್ ದಾಳಿಯ ಸದ್ದು ಕಡಿಮೆ ಮಾಡಲು ಅದನ್ನು ಬದಲಿಸಿರುತ್ತವೆ. ಹೋಸ್ಟಿಂಗರ್‌ನದು 65002, ನೇಮ್‌ಚೀಪ್‌ನದು 21098, ಸೈಟ್‌ಗ್ರೌಂಡ್‌ನದು 18765. ನಿಮ್ಮದನ್ನು ಪ್ಯಾನೆಲ್‌ನಲ್ಲೇ ನೋಡಿ ಖಚಿತಪಡಿಸಿಕೊಳ್ಳಿ.

ವಿಳಾಸದ ಬಗ್ಗೆ ಒಂದು ಎಚ್ಚರಿಕೆ: ನಿಮ್ಮ ಡೊಮೇನು ಕ್ಲೌಡ್‌ಫ್ಲೇರ್ ಎಂಬ ನಡುವಿನ ಸೇವೆಯ ಹಿಂದೆ ಇದ್ದರೆ ಡೊಮೇನ್ ಹೆಸರು ಹಾಕಿ ಎಸ್‌ಎಸ್‌ಎಚ್ ಮಾಡಲಾಗದು. ಆ ಹೆಸರು ನಿಮ್ಮನ್ನು ಕ್ಲೌಡ್‌ಫ್ಲೇರ್‌ನ ಯಂತ್ರಕ್ಕೆ ಒಯ್ಯುತ್ತದೆ, ನಿಮ್ಮ ಸರ್ವರಿಗಲ್ಲ. ಪ್ಯಾನೆಲ್ ತೋರಿಸುವ ಐಪಿ ಅಥವಾ ಸರ್ವರಿನ ಸ್ವಂತ ಹೆಸರನ್ನೇ ಬಳಸಿ.

ಮೊದಲ ಭೇಟಿ

ವಿಂಡೋಸ್ 10ರಲ್ಲಿ 2018ರ ಏಪ್ರಿಲ್ ಅಪ್‌ಡೇಟ್‌ನಿಂದ ಈಚೆಗೆ ಓಪನ್‌ಎಸ್‌ಎಸ್‌ಎಚ್ ಜೊತೆಗೇ ಬರುತ್ತದೆ. ಪವರ್‌ಶೆಲ್ ತೆರೆದರೆ ಸಾಕು. ಮ್ಯಾಕ್, ಲಿನಕ್ಸ್‌ಗಳಲ್ಲಿ ಟರ್ಮಿನಲ್ ಇದ್ದೇ ಇದೆ. ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಹಾಕಿಕೊಳ್ಳಬಹುದು, ಬಸ್ಸಿನಲ್ಲಿ ಕೂತು ಸೈಟ್ ಸರಿಮಾಡಿದ ಪುಣ್ಯಾತ್ಮರಿದ್ದಾರೆ. ಪುಟ್ಟಿ ಬಳಸಿ ರೂಢಿಯಾದವರು ಅದನ್ನೇ ಬಳಸಲಿ, ತಪ್ಪೇನಿಲ್ಲ. ನಾನು ಮಾತ್ರ ಇಲ್ಲಿ ಟರ್ಮಿನಲ್ ದಾರಿಯನ್ನೇ ಹೇಳುತ್ತೇನೆ, ಏಕೆಂದರೆ ಅದು ಮೂರೂ ಕಡೆ ಒಂದೇ ತರ.

ಎಸ್‌ಎಸ್‌ಎಚ್ -ಪಿ 65002 ಯೂಸರ್‌ನೇಮ್@ಸರ್ವರ್‌ವಿಳಾಸ

ಎಂಟರ್ ಒತ್ತಿದೊಡನೆ ಸರ್ವರಿನ ಬೆರಳಚ್ಚು ಬರುತ್ತದೆ. 'ಎಸ್‌ಎಚ್‌ಎ256' ಎಂದು ಆರಂಭವಾಗುವ ಉದ್ದದ ಸಾಲು. ಅದನ್ನು ತೋರಿಸಿ, ಮುಂದುವರಿಯಲೇ ಎಂದು ಕೇಳುತ್ತದೆ. ನೂರಕ್ಕೆ ತೊಂಬತ್ತೊಂಬತ್ತು ಜನ ಓದದೆ 'ಯೆಸ್' ಎನ್ನುತ್ತಾರೆ. ನಾನೂ ಬಹಳ ವರ್ಷ ಹಾಗೇ ಮಾಡಿದವನೇ.

ಎಸ್‌ಎಸ್‌ಎಚ್ ಹುಟ್ಟಿದ ಕತೆ ಗೊತ್ತಾದರೆ ಆ ಪ್ರಶ್ನೆಯ ತೂಕ ಗೊತ್ತಾಗುತ್ತದೆ. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಕದ್ದು ಕೂತು, ಹರಿದುಹೋಗುವ ಪಾಸ್‌ವರ್ಡ್‌ಗಳನ್ನು ಹೆಕ್ಕಿಕೊಂಡರು. ಆಗ ಬಳಕೆಯಲ್ಲಿದ್ದ ಟೆಲ್ನೆಟ್ ಎಲ್ಲವನ್ನೂ ಬಿಚ್ಚಿಟ್ಟ ಅಕ್ಷರಗಳಲ್ಲೇ ಕಳಿಸುತ್ತಿತ್ತು. ಅಲ್ಲಿದ್ದ ಟಾಟು ಯೂಲೊನೆನ್ ಅದಕ್ಕೆ ಉತ್ತರವಾಗಿ ಎಸ್‌ಎಸ್‌ಎಚ್ ಬರೆದರು. ಎಫ್‌ಟಿಪಿಯ 21, ಟೆಲ್ನೆಟ್‌ನ 23ರ ನಡುವೆ ಖಾಲಿಯಿದ್ದ 22ನ್ನು ಕೇಳಿ ಪಡೆದರು. ನಾವೀಗ ಬಳಸುವ ಓಪನ್‌ಎಸ್‌ಎಸ್‌ಎಚ್ 1999ರಲ್ಲಿ ಓಪನ್‌ಬಿಎಸ್‌ಡಿ ತಂಡದಿಂದ ಬಂದದ್ದು. ನಡುದಾರಿಯಲ್ಲಿ ಕೂತು ಕದಿಯುವವರನ್ನು ತಡೆಯುವುದೇ ಇದರ ಮೂಲ ಕೆಲಸ. ಬೆರಳಚ್ಚಿನ ಪ್ರಶ್ನೆ ಕೇಳುತ್ತಿರುವುದೂ ಅದನ್ನೇ: ಮಾತಾಡುತ್ತಿರುವುದು ನಿಜವಾದ ಸರ್ವರಿನ ಜೊತೆಗೋ, ನಡುವೆ ಬಂದು ನಿಂತವರ ಜೊತೆಗೋ?

ತಾಳೆ ನೋಡುವುದು ಹೇಗೆ? ಪ್ಯಾನೆಲ್‌ನಲ್ಲಿ ಬೆರಳಚ್ಚು ಕೊಟ್ಟಿದ್ದರೆ ಹೋಲಿಸಿ. ಇಲ್ಲವಾದರೆ ಸಪೋರ್ಟಿಗೆ ಕೇಳಿ. ಅದೂ ಆಗದಿದ್ದರೆ ಮನೆಯ ಬ್ರಾಡ್‌ಬ್ಯಾಂಡಿನಿಂದ ಒಮ್ಮೆ, ಫೋನಿನ ಹಾಟ್‌ಸ್ಪಾಟಿನಿಂದ ಒಮ್ಮೆ ಸಂಪರ್ಕಿಸಿ, ಎರಡೂ ದಾರಿಯಲ್ಲಿ ಅದೇ ಬೆರಳಚ್ಚು ಬರುತ್ತದೆಯೇ ನೋಡಿ. ಪಕ್ಕಾ ಸಾಕ್ಷಿಯಲ್ಲ, ಆದರೆ ಕಣ್ಣುಮುಚ್ಚಿ ಯೆಸ್ ಎನ್ನುವುದಕ್ಕಿಂತ ಎಷ್ಟೋ ಮೇಲು.

ಆಮೇಲೆ ಪಾಸ್‌ವರ್ಡ್ ಕೇಳುತ್ತದೆ. ಇಲ್ಲೇ ಬರುವ ಫೋನು: "ಸಾರ್, ಪಾಸ್‌ವರ್ಡ್ ಟೈಪೇ ಆಗ್ತಿಲ್ಲ." ಆಗುತ್ತಿದೆ, ತೋರಿಸುವುದಿಲ್ಲ ಅಷ್ಟೆ. ಚುಕ್ಕೆಯೂ ಬೀಳುವುದಿಲ್ಲ, ಕರ್ಸರ್ ಕದಲುವುದೂ ಇಲ್ಲ. ಟೈಪಿಸಿ ಎಂಟರ್ ಒತ್ತಿ.

ಒಳಗೆ ಹೋದ ಮೇಲೆ ಸುತ್ತ ನೋಡಿದರೆ ಸರ್ವರ್ ಪೂರ್ತಿ ನಿಮ್ಮದೇ ಎಂಬಂತೆ ಕಾಣುತ್ತದೆ, ಬೇರೆ ಯಾರ ಫೋಲ್ಡರೂ ಕಾಣಿಸುವುದಿಲ್ಲ. ಸಿಪ್ಯಾನೆಲ್‌ನ ಜೈಲ್‌ಶೆಲ್ ಅಥವಾ ಕ್ಲೌಡ್‌ಲಿನಕ್ಸ್‌ನ ಕೇಜ್‌ಎಫ್‌ಎಸ್ ಕಟ್ಟಿದ ಗೋಡೆ ಅದು. ಆ ಗೋಡೆ ಫೈಲುಗಳ ನಡುವಿನದು, ನೆಟ್‌ವರ್ಕಿನ ನಡುವಿನದಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಕೀಲಿ ಮಾಡಿಸುವುದು

ಪಾಸ್‌ವರ್ಡಿನಿಂದ ಒಳಹೋಗುವುದು ಮೊದಲ ದಿನಕ್ಕೆ ಸರಿ. ಸಿಪ್ಯಾನೆಲ್‌ನಲ್ಲಿ ಎಸ್‌ಎಸ್‌ಎಚ್‌ನ ಪಾಸ್‌ವರ್ಡೂ ಪ್ಯಾನೆಲ್‌ನ ಪಾಸ್‌ವರ್ಡೂ ಒಂದೇ. ಡೆವಲಪರಿಗೆ ಅದನ್ನು ಕೊಟ್ಟರೆ ಇಮೇಲು, ಬ್ಯಾಕಪ್ಪು, ಡಿಎನ್‌ಎಸ್ ಎಲ್ಲವನ್ನೂ ಒಪ್ಪಿಸಿದಂತೆ. ಕೀಲಿಯಾದರೆ ಒಬ್ಬೊಬ್ಬರಿಗೆ ಒಂದೊಂದು, ಬೇಡವಾದಾಗ ಅದೊಂದನ್ನೇ ಕಿತ್ತುಹಾಕಬಹುದು.

ನಿಮ್ಮ ಸ್ವಂತ ಕಂಪ್ಯೂಟರಿನಲ್ಲಿ, ಸರ್ವರಿನೊಳಗಲ್ಲ, ಇದನ್ನು ಕೊಡಿ:

ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519

ಎಲ್ಲಿ ಉಳಿಸಲಿ ಎಂದು ಕೇಳಿದಾಗ ಎಂಟರ್. ಪಾಸ್‌ಫ್ರೇಸ್ ಕೇಳಿದಾಗ ಮಾತ್ರ ಎಂಟರ್ ಒತ್ತಿ ಮುಂದೆ ಹೋಗಬೇಡಿ, ಏನಾದರೂ ಕೊಡಿ. ಲ್ಯಾಪ್‌ಟಾಪ್ ಕಳೆದುಹೋದ ದಿನ ನಿಮ್ಮನ್ನು ಕಾಯುವುದು ಅದೊಂದೇ. ಎರಡು ಫೈಲು ಹುಟ್ಟುತ್ತವೆ. ಕೊನೆಯಲ್ಲಿ 'ಡಾಟ್ ಪಬ್' ಇರುವುದು ಸಾರ್ವಜನಿಕ ಕೀಲಿ, ಯಾರಿಗೆ ಬೇಕಾದರೂ ಕೊಡಬಹುದು. ಇನ್ನೊಂದು ಖಾಸಗಿ. ಅದು ಇಮೇಲಿನಲ್ಲಿ, ವಾಟ್ಸಾಪಿನಲ್ಲಿ ಎಲ್ಲೂ ಹೋಗಕೂಡದು. ಸಪೋರ್ಟಿನವರು ಕೇಳಿದರೂ ಕೊಡಬೇಡಿ. ನಿಜವಾಗಿ ಕೆಲಸ ಬಲ್ಲ ಸಪೋರ್ಟಿನವರು ಅದನ್ನು ಕೇಳುವುದೇ ಇಲ್ಲ.

ಈಗ ಸಿಪ್ಯಾನೆಲ್‌ಗೆ ಬನ್ನಿ. ಎಸ್‌ಎಸ್‌ಎಚ್ ಆಕ್ಸೆಸ್, ಅದರೊಳಗೆ 'ಮ್ಯಾನೇಜ್ ಎಸ್‌ಎಸ್‌ಎಚ್ ಕೀಸ್', ಅಲ್ಲಿ 'ಇಂಪೋರ್ಟ್ ಕೀ'. ತೆರೆಯುವ ಫಾರಂನಲ್ಲಿ ಖಾಸಗಿ ಕೀಲಿಗೂ ಒಂದು ಪೆಟ್ಟಿಗೆ ಇರುತ್ತದೆ. ಅದನ್ನು ಖಾಲಿ ಬಿಡಿ. ಡಾಟ್ ಪಬ್ ಫೈಲಿನ ಒಂದೇ ಸಾಲನ್ನು ಸಾರ್ವಜನಿಕ ಕೀಲಿಯ ಪೆಟ್ಟಿಗೆಗೆ ಅಂಟಿಸಿ. ಪಕ್ಕದಲ್ಲೇ 'ಜನರೇಟ್ ಎ ನ್ಯೂ ಕೀ' ಎಂದು ಆಸೆ ತೋರಿಸುತ್ತದೆ. ಅದನ್ನು ಒತ್ತಿದರೆ ಖಾಸಗಿ ಕೀಲಿ ಸರ್ವರಿನಲ್ಲೇ ಹುಟ್ಟಿ ಅಲ್ಲೇ ಕೂರುತ್ತದೆ. ಮನೆ ಕೀಲಿಯನ್ನು ವಠಾರದ ಗೋಡೆಯ ಮೊಳೆಗೆ ನೇತುಹಾಕಿದಂತೆ.

ಇಂಪೋರ್ಟ್ ಆದಮೇಲೆ ಇನ್ನೊಂದು ಹೆಜ್ಜೆ ಇದೆ, ಇದನ್ನು ಮರೆಯುವವರೇ ಹೆಚ್ಚು: ಕೀಲಿಯ ಎದುರಿನ 'ಮ್ಯಾನೇಜ್' ಒತ್ತಿ, 'ಆಥರೈಸ್' ಒತ್ತಬೇಕು. ಒತ್ತುವವರೆಗೂ ಕೀಲಿ ಪಟ್ಟಿಯಲ್ಲಿರುತ್ತದೆ, ಬಾಗಿಲು ತೆರೆಯುವುದಿಲ್ಲ.

ಪ್ಯಾನೆಲ್ ಬಿಟ್ಟು ಕೈಯಾರೆ ಮಾಡುವವರಿಗೆ: ಹೋಮ್ ಫೋಲ್ಡರಿನ 'ಡಾಟ್ ಎಸ್‌ಎಸ್‌ಎಚ್' ಎಂಬ ಫೋಲ್ಡರಿನೊಳಗೆ 'ಆಥರೈಸ್ಡ್_ಕೀಸ್' ಎಂಬ ಫೈಲಿಗೆ ಆ ಸಾಲನ್ನು ಸೇರಿಸಿ. ಫೋಲ್ಡರಿನ ಅನುಮತಿ 700, ಫೈಲಿನದು 600. ಹೋಮ್ ಫೋಲ್ಡರಿಗೆ ಗುಂಪಿನವರು ಬರೆಯುವ ಅನುಮತಿ ಇದ್ದರೂ ಓಪನ್‌ಎಸ್‌ಎಸ್‌ಎಚ್ ಸಿಟ್ಟಾಗಿ ಕೀಲಿಯನ್ನು ನೋಡುವುದೇ ಇಲ್ಲ. ಯಾವ ಕಾರಣವನ್ನೂ ನಿಮಗೆ ಹೇಳುವುದಿಲ್ಲ, ಸುಮ್ಮನೆ ಪಾಸ್‌ವರ್ಡ್ ಕೇಳುತ್ತದೆ.

ಹಳೆಯ ಪ್ಯಾನೆಲ್‌ಗಳು ಇಡಿ25519 ಕೀಲಿಯನ್ನು ಒಪ್ಪದಿದ್ದರೆ ಆರ್‌ಎಸ್‌ಎ 4096 ಮಾಡಿಕೊಳ್ಳಿ. ಅದಕ್ಕಿಂತ ಹೆಚ್ಚು ತಲೆಕೆಡಿಸಿಕೊಳ್ಳುವ ವಿಷಯ ಅಲ್ಲ.

ಅಡ್ಡಹೆಸರು ಇಡುವುದು

ಪ್ರತಿ ಸಲ ಪೋರ್ಟು, ಐಪಿ, ಯೂಸರ್‌ನೇಮ್ ಟೈಪಿಸುವುದು ಬೇಸರದ ಕೆಲಸ. ನಿಮ್ಮ ಕಂಪ್ಯೂಟರಿನ ಡಾಟ್ ಎಸ್‌ಎಸ್‌ಎಚ್ ಫೋಲ್ಡರಿನಲ್ಲಿ 'ಕಾನ್ಫಿಗ್' ಎಂಬ ಫೈಲು ಮಾಡಿ ಹೀಗೆ ಬರೆಯಿರಿ:

ಹೋಸ್ಟ್ ಪತ್ರಿಕೆ
  ಹೋಸ್ಟ್‌ನೇಮ್ ಸರ್ವರ್‌ವಿಳಾಸ
  ಪೋರ್ಟ್ 65002
  ಯೂಸರ್ ಯೂಸರ್‌ನೇಮ್
  ಐಡೆಂಟಿಟಿಫೈಲ್ ~/.ಎಸ್‌ಎಸ್‌ಎಚ್/ಐಡಿ_ಇಡಿ25519
  ಐಡೆಂಟಿಟೀಸ್‌ಓನ್ಲಿ ಯೆಸ್
  ಸರ್ವರ್‌ಅಲೈವ್‌ಇಂಟರ್ವಲ್ 60

ಎಡಗಡೆಯ ಪದಗಳು ಒಂದೊಂದೂ ಒಂದೇ ಪದ, ನಡುವೆ ಜಾಗವಿಲ್ಲ. ಫೈಲಿನ ಹೆಸರಿಗೆ ಬಾಲ ಇರಬಾರದು. ನೋಟ್‌ಪ್ಯಾಡ್ ಕೇಳದೆಯೇ 'ಡಾಟ್ ಟಿಎಕ್ಸ್‌ಟಿ' ಅಂಟಿಸುತ್ತದೆ, ವಿಂಡೋಸ್ ಅದನ್ನು ಮರೆಮಾಡಿ ತೋರಿಸುತ್ತದೆ. ಇಬ್ಬರೂ ಸೇರಿ ನಿಮ್ಮ ಒಂದು ಮಧ್ಯಾಹ್ನ ನುಂಗುತ್ತಾರೆ.

ಕೊನೆಯ ಎರಡು ಸಾಲು ಅಲಂಕಾರಕ್ಕಲ್ಲ. ನಿಮ್ಮ ಬಳಿ ಏಳೆಂಟು ಕೀಲಿ ಇದ್ದರೆ ಎಸ್‌ಎಸ್‌ಎಚ್ ಒಂದೊಂದನ್ನೂ ತೂರಿಸಿ ನೋಡುತ್ತದೆ. ಸರ್ವರ್ ಸಾಮಾನ್ಯವಾಗಿ ಆರು ಪ್ರಯತ್ನಕ್ಕೆ ಹೊರದಬ್ಬುತ್ತದೆ, ಸರಿಯಾದ ಕೀಲಿಯ ಸರದಿ ಬರುವುದೇ ಇಲ್ಲ. ಐಡೆಂಟಿಟೀಸ್‌ಓನ್ಲಿ ಅದನ್ನು ತಪ್ಪಿಸುತ್ತದೆ. ಕೊನೆಯ ಸಾಲು ನಿಮಿಷಕ್ಕೊಮ್ಮೆ 'ಇದ್ದೀಯಾ?' ಎಂದು ಸರ್ವರನ್ನು ಮಾತಾಡಿಸುತ್ತದೆ. ನಮ್ಮ ಮೊಬೈಲ್ ಜಾಲಗಳಲ್ಲಿ ಬಹಳ ಜನರಿಗೆ ಒಂದೇ ಐಪಿ ಹಂಚುವುದರಿಂದ, ಕೆಲಹೊತ್ತು ಸುಮ್ಮನಿದ್ದ ಸಂಪರ್ಕವನ್ನು ನಡುವಿನ ಯಂತ್ರಗಳು ಮರೆತುಬಿಡುತ್ತವೆ. ಮಾತು ನಿಲ್ಲಿಸದಿದ್ದರೆ ಮರೆಯುವುದಿಲ್ಲ.

ಇನ್ನುಮುಂದೆ 'ಎಸ್‌ಎಸ್‌ಎಚ್ ಪತ್ರಿಕೆ' ಎಂದರೆ ಸಾಕು.

ಸುರಂಗ

ನಿಮ್ಮ ಲ್ಯಾಪ್‌ಟಾಪಿನ ಹೈಡಿಎಸ್‌ಕ್ಯೂಎಲ್, ಡಿಬೀವರ್, ವರ್ಕ್‌ಬೆಂಚ್ ಇಂಥ ತಂತ್ರಾಂಶದಿಂದ ಸರ್ವರಿನ ಮೈಎಸ್‌ಕ್ಯೂಎಲ್ ಡೇಟಾಬೇಸನ್ನು ತೆರೆಯಬೇಕು ಎಂದುಕೊಳ್ಳಿ. ಸಿಪ್ಯಾನೆಲ್ ಒಂದು ಸುಲಭದ ದಾರಿ ತೋರಿಸುತ್ತದೆ: 'ರಿಮೋಟ್ ಮೈಎಸ್‌ಕ್ಯೂಎಲ್' ಪುಟದಲ್ಲಿ ನಿಮ್ಮ ಐಪಿ ಸೇರಿಸಿ. ಮನೆಯ ಬ್ರಾಡ್‌ಬ್ಯಾಂಡಿನ ಐಪಿ ನಾಳೆ ಬದಲಾಗುತ್ತದೆ. ಮತ್ತೆ ಸೇರಿಸುತ್ತೀರಿ. ನಾಲ್ಕನೇ ದಿನ ಬೇಸತ್ತು ಶೇಕಡಾ ಗುರುತು ಹಾಕುತ್ತೀರಿ, ಅಂದರೆ 'ಯಾರು ಎಲ್ಲಿಂದ ಬಂದರೂ ಸರಿ'. ನಾನು ಒಬ್ಬ ಗೆಳೆಯರ ಅಂಗಡಿಯ ಸೈಟಿಗೆ ಒಂದು ರಾತ್ರಿಯ ಮಟ್ಟಿಗೆ ಅಂತ ಇದನ್ನೇ ಹಾಕಿ, ತೆಗೆಯಲು ನೆನಪಾಗುವಷ್ಟರಲ್ಲಿ ಎಂಟು ತಿಂಗಳಾಗಿತ್ತು. ಏನೂ ಆಗಲಿಲ್ಲ. ಆದರೆ ಆಗದೇ ಉಳಿದದ್ದರಲ್ಲಿ ನನ್ನ ಜಾಣತನ ಒಂದಿಷ್ಟೂ ಇರಲಿಲ್ಲ.

ಇದಕ್ಕಿಂತ ಮೇಲಿನದು ಸುರಂಗ, ಅಂದರೆ ಎಸ್‌ಎಸ್‌ಎಚ್ ಸಂಪರ್ಕದೊಳಗೇ ಇನ್ನೊಂದು ತಂತ್ರಾಂಶದ ಮಾತನ್ನು ಹಾಯಿಸುವುದು. ಅದರ ದಾರಿ ಇದು:

ಎಸ್‌ಎಸ್‌ಎಚ್ -ಎನ್ -ಎಲ್ 3307:127.0.0.1:3306 ಪತ್ರಿಕೆ

ಎನ್, ಎಲ್ ಎರಡೂ ದೊಡ್ಡಕ್ಷರ. ಎನ್ ಎಂದರೆ ಶೆಲ್ ಬೇಡ, ಸುರಂಗ ಮಾತ್ರ ಸಾಕು. ಎಲ್ ಎಂದರೆ ಸುರಂಗದ ಬಾಯಿ ನನ್ನ ಕಡೆ ತೆರೆಯಲಿ. ಮುಂದಿನ ಮೂರು ತುಂಡುಗಳನ್ನು ನಿಧಾನವಾಗಿ ಓದಿ. 3307 ನಿಮ್ಮ ಲ್ಯಾಪ್‌ಟಾಪಿನ ಬಾಗಿಲು. ಅಲ್ಲಿ ಮೈಎಸ್‌ಕ್ಯೂಎಲ್‌ನ ಮಾಮೂಲಿ ಪೋರ್ಟಾದ 3306 ಬೇಡ, ಸ್ವಂತ ಕಂಪ್ಯೂಟರಿನಲ್ಲೇ ಸೈಟ್ ಪರೀಕ್ಷಿಸಲು ಕ್ಸ್ಯಾಂಪ್ ಹಾಕಿಕೊಂಡವರಲ್ಲಿ ಅದು ಈಗಾಗಲೇ ಬಳಕೆಯಲ್ಲಿರುತ್ತದೆ. 127.0.0.1 ಎಂದರೆ ಯಾವುದೇ ಯಂತ್ರಕ್ಕೆ 'ನಾನೇ' ಎಂಬ ವಿಳಾಸ. ನಡುವಿನ 127.0.0.1, ಕೊನೆಯ 3306 ಸರ್ವರಿನ ಕಣ್ಣಿಂದ ನೋಡಿದ ವಿಳಾಸ. ಅಂದರೆ 'ಸರ್ವರಿಗೆ ಹೋಗಿ ನಿಂತು, ಅಲ್ಲಿಂದ 127.0.0.1ರ 3306ನ್ನು ತಟ್ಟು'. ನಡುವಿನ ವಿಳಾಸ ಲ್ಯಾಪ್‌ಟಾಪಿನದೆಂದು ತಿಳಿಯುವುದೇ ಇಲ್ಲಿನ ದೊಡ್ಡ ಗೊಂದಲ.

ಕೆಲವು ಹೋಸ್ಟಿಂಗ್‌ಗಳಲ್ಲಿ ಡೇಟಾಬೇಸು ಬೇರೆ ಯಂತ್ರದಲ್ಲಿರುತ್ತದೆ. ವರ್ಡ್‌ಪ್ರೆಸ್ ಇದ್ದರೆ ಡಬ್ಲ್ಯುಪಿ-ಕಾನ್ಫಿಗ್ ಫೈಲಿನಲ್ಲಿ ಡಿಬಿ_ಹೋಸ್ಟ್ ಎದುರು ಏನಿದೆ ನೋಡಿ. ಲೋಕಲ್‌ಹೋಸ್ಟ್ ಇದ್ದರೆ ಮೇಲಿನದೇ ಸರಿ. ಬೇರೆ ಹೆಸರಿದ್ದರೆ 127.0.0.1ರ ಜಾಗದಲ್ಲಿ ಆ ಹೆಸರು ಹಾಕಿ.

ಆದೇಶ ಕೊಟ್ಟ ಮೇಲೆ ಪರದೆಯಲ್ಲಿ ಏನೂ ಆಗುವುದಿಲ್ಲ. ಗಾಬರಿಯಾಗಬೇಡಿ, ಸುಮ್ಮನಿದ್ದರೆ ಸುರಂಗ ತೆರೆದಿದೆ ಎಂದರ್ಥ. ಆ ಕಿಟಕಿಯನ್ನು ಹಾಗೇ ಬಿಟ್ಟು, ಡೇಟಾಬೇಸ್ ತಂತ್ರಾಂಶದಲ್ಲಿ ಹೋಸ್ಟ್ 127.0.0.1, ಪೋರ್ಟ್ 3307, ಜೊತೆಗೆ ಡೇಟಾಬೇಸಿನ ಯೂಸರ್ ಮತ್ತು ಪಾಸ್‌ವರ್ಡ್ ಕೊಡಿ. ಇಲ್ಲಿ ಎಸ್‌ಎಸ್‌ಎಚ್ ಯೂಸರ್ ಅಲ್ಲ. ಹೋಸ್ಟ್ ಜಾಗದಲ್ಲಿ 'ಲೋಕಲ್‌ಹೋಸ್ಟ್' ಎಂದು ಬರೆಯಬೇಡಿ. ಮ್ಯಾಕ್, ಲಿನಕ್ಸ್‌ಗಳಲ್ಲಿ ಮೈಎಸ್‌ಕ್ಯೂಎಲ್‌ಗೆ ಆ ಪದ ಸಿಕ್ಕರೆ ಪೋರ್ಟನ್ನು ಕಡೆಗಣಿಸಿ ತನ್ನದೇ ಯಂತ್ರದ ಸಾಕೆಟ್ ಫೈಲನ್ನು ಹುಡುಕುತ್ತದೆ. ನೀವು ಸರ್ವರಿನ ಡೇಟಾಬೇಸ್ ಎಂದುಕೊಂಡು ಲ್ಯಾಪ್‌ಟಾಪಿನದನ್ನೇ ತಿದ್ದುತ್ತಿರುತ್ತೀರಿ. ತಿರುಗುಮುರುಗು ಆಗಿ, ಟೆಸ್ಟ್ ಡೇಟಾಬೇಸ್ ಎಂದುಕೊಂಡು ನಿಜದ್ದನ್ನು ಅಳಿಸಿದವರ ಕತೆ ಇದಕ್ಕಿಂತ ದುಃಖದ್ದು. ತಂತ್ರಾಂಶದಲ್ಲಿ ಸರ್ವರಿನ ಸಂಪರ್ಕಕ್ಕೆ ಕೆಂಪು ಬಣ್ಣ ಹಚ್ಚುವ ಸೌಲಭ್ಯ ಇದ್ದರೆ ಖಂಡಿತ ಹಚ್ಚಿ.

ಸುರಂಗ ತೆರೆದರೂ 'ಆಕ್ಸೆಸ್ ಡಿನೈಡ್' ಬಂದರೆ ಆ ಸಾಲಿನಲ್ಲಿ ಯೂಸರ್ ಹೆಸರಿನ ಮುಂದೆ ಏನಿದೆ ಓದಿ. 127.0.0.1 ಇದ್ದರೆ ಕಾರಣ ಸಿಕ್ಕಿತು. ಸಿಪ್ಯಾನೆಲ್ ಡೇಟಾಬೇಸ್ ಯೂಸರನ್ನು ಲೋಕಲ್‌ಹೋಸ್ಟ್ ಹೆಸರಿನಲ್ಲಿ ಮಾಡಿರುತ್ತದೆ. ಸರ್ವರಿನಲ್ಲಿ ಹೆಸರು ಹುಡುಕುವುದನ್ನು ನಿಲ್ಲಿಸಿದ್ದರೆ ಮೈಎಸ್‌ಕ್ಯೂಎಲ್‌ಗೆ ಇವೆರಡೂ ಬೇರೆಬೇರೆ ಊರು. ರಿಮೋಟ್ ಮೈಎಸ್‌ಕ್ಯೂಎಲ್ ಪುಟದಲ್ಲಿ 127.0.0.1 ಒಂದನ್ನೇ ಸೇರಿಸಿದರೆ ಸರಿಹೋಗುತ್ತದೆ, ಅದರಿಂದ ಹೊರಗಿನ ಯಾರಿಗೂ ಬಾಗಿಲು ತೆರೆಯುವುದಿಲ್ಲ. ಇನ್ನೊಂದು ದಾರಿ, ಪೋರ್ಟಿನ ಬದಲು ಸಾಕೆಟ್ ಫೈಲಿಗೇ ಸುರಂಗ ಕೊರೆಯುವುದು. ಓಪನ್‌ಎಸ್‌ಎಸ್‌ಎಚ್ 6.7ರಿಂದ ಇದು ಸಾಧ್ಯ:

ಎಸ್‌ಎಸ್‌ಎಚ್ -ಎನ್ -ಎಲ್ 3307:/ವಾರ್/ಲಿಬ್/ಮೈಎಸ್‌ಕ್ಯೂಎಲ್/ಮೈಎಸ್‌ಕ್ಯೂಎಲ್.ಸಾಕ್ ಪತ್ರಿಕೆ

ಇನ್ನೊಂದು ತೊಡಕು: 'ಅಡ್ಮಿನಿಸ್ಟ್ರೇಟಿವ್ಲಿ ಪ್ರೊಹಿಬಿಟೆಡ್'. ಹೋಸ್ಟಿಂಗಿನವರು ಸುರಂಗವನ್ನೇ ನಿಷೇಧಿಸಿದ್ದಾರೆ ಎಂದರ್ಥ. ಇದರ ಮೋಸ ಏನೆಂದರೆ ಸುರಂಗ ತೆರೆಯುವಾಗ ದೂರೇ ಬರುವುದಿಲ್ಲ, ತಂತ್ರಾಂಶ ಅದರೊಳಗೆ ಹೋಗಲು ನೋಡಿದಾಗಷ್ಟೇ ಎಸ್‌ಎಸ್‌ಎಚ್ ಕಿಟಕಿಯಲ್ಲಿ ಆ ಸಾಲು ಬೀಳುತ್ತದೆ. ಹಾಗಾಗಿ ಆ ಕಿಟಕಿಯನ್ನು ಮಿನಿಮೈಸ್ ಮಾಡಬೇಡಿ. ಜೈಲ್‌ಶೆಲ್ ಇರುವುದರಿಂದ ಹೀಗಾಯಿತು ಎಂದು ಸಪೋರ್ಟಿನಲ್ಲಿ ಹೇಳಿದರೆ ಒಪ್ಪಬೇಡಿ. ಸುರಂಗವನ್ನು ನಿಭಾಯಿಸುವುದು ಶೆಲ್ ಅಲ್ಲ, ಎಸ್‌ಎಸ್‌ಎಚ್ ಸರ್ವರೇ. ಅದರ ಸೆಟ್ಟಿಂಗಿನಲ್ಲಿ 'ಅಲೋ ಟಿಸಿಪಿ ಫಾರ್ವರ್ಡಿಂಗ್' ಎಂಬ ಒಂದು ಸಾಲು, ಮೂಲತಃ ಯೆಸ್ ಎಂದೇ ಇರುವುದು, ನೋ ಆಗಿರುತ್ತದೆ. ತೆರೆಯಿರಿ ಎಂದು ಕೇಳಬಹುದು. ಶೇರ್ಡ್ ಪ್ಲಾನಿನಲ್ಲಿ ಸಾಮಾನ್ಯವಾಗಿ ತೆರೆಯುವುದಿಲ್ಲ.

ಸುರಂಗ ಇದೆಯೆಂದು ಎಲ್ಲವನ್ನೂ ಅದರಲ್ಲೇ ತೂರಿಸಬೇಡಿ. ಇಪ್ಪತ್ತು ಸಾಲು ತಿದ್ದಲು, ವರದಿ ತೆಗೆಯಲು ಅದು ಚೆನ್ನ. ಆರಂಭದಲ್ಲಿ ಹೇಳಿದ ದೊಡ್ಡ ಡೇಟಾಬೇಸಿನ ಸಾಗಣೆಗೆ ಸರ್ವರಿನೊಳಗೇ ಕೆಲಸ ಮಾಡುವುದು ಮೇಲು: ಶೆಲ್‌ಗೆ ಹೋಗಿ ಮೈಎಸ್‌ಕ್ಯೂಎಲ್‌ಡಂಪ್ ಓಡಿಸಿ ಡೇಟಾಬೇಸಿನ ಪ್ರತಿ ತೆಗೆದು, ಜಿಜಿಪ್ ಮಾಡಿ ಕುಗ್ಗಿಸಿ, ಎಸ್‌ಎಸ್‌ಎಚ್ ಮೂಲಕ ಫೈಲು ಸಾಗಿಸುವ ಎಸ್‌ಸಿಪಿಯಿಂದ ಇಳಿಸಿ. ಒಂದೇ ನುಡಿ ಮತ್ತೆ ಮತ್ತೆ ಬರುವ ಪಠ್ಯವಾದ್ದರಿಂದ ಕನ್ನಡದ ಡಂಪು ಚೆನ್ನಾಗಿ ಕುಗ್ಗುತ್ತದೆ. ಮೂರು ಆಯ್ಕೆಗಳನ್ನು ಮರೆಯಬೇಡಿ: ಸಿಂಗಲ್-ಟ್ರಾನ್ಸಾಕ್ಷನ್, ನೋ-ಟೇಬಲ್‌ಸ್ಪೇಸಸ್, ಡಿಫಾಲ್ಟ್-ಕ್ಯಾರೆಕ್ಟರ್-ಸೆಟ್=ಯುಟಿಎಫ್8ಎಂಬಿ4, ಮೂರಕ್ಕೂ ಮುಂದೆ ಎರಡೆರಡು ಅಡ್ಡಗೆರೆ. ನಡುವಿನದನ್ನು ಬಿಟ್ಟರೆ ಹೊಸ ಮೈಎಸ್‌ಕ್ಯೂಎಲ್ 'ಪ್ರೊಸೆಸ್ ಪ್ರಿವಿಲೇಜ್ ಬೇಕು' ಎಂದು ಗೊಣಗುತ್ತದೆ, ಶೇರ್ಡ್ ಖಾತೆಗೆ ಅದನ್ನು ಯಾರೂ ಕೊಡುವುದಿಲ್ಲ. ಕೊನೆಯದನ್ನು ಬಿಟ್ಟರೆ ಕನ್ನಡ ಕೆಡಬಹುದು. ಕೆಟ್ಟದ್ದರಲ್ಲೂ ಎರಡು ಬಗೆ. ಕೊಂಬು ಬಾಲ ಇರುವ ಯುರೋಪಿನ ಅಕ್ಷರಗಳ ಸಾಲು ಕಂಡರೆ ಬಹುಪಾಲು ಮತ್ತೆ ಸರಿಮಾಡಬಹುದು. ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಅಕ್ಷರ ಹೋಯಿತು, ಹಳೆಯ ಪ್ರತಿಗೇ ಮರಳಬೇಕು. ಅದಕ್ಕೇ ಹಳೆಯ ಹೋಸ್ಟಿಂಗನ್ನು ಹೊಸದರಲ್ಲಿ ನಾಲ್ಕು ಲೇಖನ ತೆರೆದು ಓದುವವರೆಗೂ ಬಿಡಬೇಡಿ.

ಡಂಪ್ ಫೈಲನ್ನು ಪಬ್ಲಿಕ್_ಎಚ್‌ಟಿಎಂಎಲ್ ಫೋಲ್ಡರಿನಲ್ಲಿ ಇಡಲೇಬೇಡಿ. ಹೆಸರು ಊಹಿಸಿದ ಯಾರು ಬೇಕಾದರೂ ಬ್ರೌಸರಿನಿಂದ ಇಳಿಸಿಕೊಳ್ಳಬಹುದು, ಮತ್ತು 'ಬ್ಯಾಕಪ್' ಎಂಬ ಹೆಸರನ್ನು ಊಹಿಸಲು ಬುದ್ಧಿವಂತಿಕೆ ಬೇಕಿಲ್ಲ. ಅಂದಹಾಗೆ, ಎಸ್‌ಎಸ್‌ಎಚ್‌ನಲ್ಲಿ ಪೋರ್ಟಿಗೆ ಸಣ್ಣ ಪಿ, ಎಸ್‌ಸಿಪಿಯಲ್ಲಿ ದೊಡ್ಡ ಪಿ. ಸಣ್ಣದು ಅಲ್ಲಿ ಬೇರೆ ಕೆಲಸಕ್ಕೆ ಮೊದಲೇ ಮೀಸಲಾಗಿತ್ತು. ಅಡ್ಡಹೆಸರು ಇಟ್ಟವರಿಗೆ ಈ ತಲೆನೋವಿಲ್ಲ.

ಇನ್ನೆರಡು ಸುರಂಗಗಳು, ಮತ್ತು ಅಂಗಳದ ಪ್ರಶ್ನೆ

ಎಲ್ ಅಲ್ಲದೆ ದೊಡ್ಡ ಆರ್, ದೊಡ್ಡ ಡಿ ಎಂಬ ಇನ್ನೆರಡು ಬಗೆ ಇವೆ. ಪಾಠಗಳು ಮೂರನ್ನೂ ಒಂದೇ ಉಸಿರಿನಲ್ಲಿ ಕಲಿಸುತ್ತವೆ. ವಠಾರದವರು ಕೇಳಬೇಕಾದ ಪ್ರಶ್ನೆ ಬೇರೆ: ಸುರಂಗದ ಬಾಯಿ ಯಾರ ಅಂಗಳದಲ್ಲಿ ತೆರೆಯುತ್ತದೆ?

ಎಲ್ ಸುರಂಗದ ಬಾಯಿ ನಿಮ್ಮ ಲ್ಯಾಪ್‌ಟಾಪಿನಲ್ಲಿ, ಅದೂ 127.0.0.1ರಲ್ಲಿ ಮಾತ್ರ. ಪಕ್ಕದ ಮೇಜಿನವರಿಗೂ ಅದು ಎಟುಕದು.

ಆರ್ ಸುರಂಗ ತಿರುವುಮುರುವು. ಬಾಯಿ ಸರ್ವರಿನಲ್ಲಿ ತೆರೆಯುತ್ತದೆ, ಕೊನೆ ನಿಮ್ಮ ಲ್ಯಾಪ್‌ಟಾಪಿನಲ್ಲಿ. ಪೇಮೆಂಟ್ ಗೇಟ್‌ವೇ ಸೈಟಿಗೆ ತಾನೇ ಕಳಿಸುವ ಸುದ್ದಿಯನ್ನು, ಅಂದರೆ ವೆಬ್‌ಹುಕ್ ಅನ್ನು, ಲ್ಯಾಪ್‌ಟಾಪಿನಲ್ಲೇ ಪರೀಕ್ಷಿಸಲು ಕೆಲವರು ಇದನ್ನು ಬಳಸುತ್ತಾರೆ. 'ಗೇಟ್‌ವೇ ಪೋರ್ಟ್ಸ್' ಎಂಬ ಸೆಟ್ಟಿಂಗ್ ಮೂಲತಃ ನೋ ಆಗಿರುವುದರಿಂದ ಬಾಯಿ ಸರ್ವರಿನ 127.0.0.1ರಲ್ಲಿ ಮಾತ್ರ ತೆರೆಯುತ್ತದೆ, ಹೊರಗಿನವರಿಗೆ ಕಾಣುವುದಿಲ್ಲ, ಹಾಗಾಗಿ ಕ್ಷೇಮ ಎನ್ನುತ್ತವೆ ಪಾಠಗಳು. ಸ್ವಂತ ಮನೆಯಲ್ಲಿ ನಿಜ. ಆದರೆ ಆಗಲೇ ಹೇಳಿದ ಗೋಡೆ ನೆನಪಿಸಿಕೊಳ್ಳಿ: ಫೈಲುಗಳ ನಡುವೆ ಇದೆ, ನೆಟ್‌ವರ್ಕಿನ ನಡುವೆ ಇಲ್ಲ. ಆ ಸರ್ವರಿನಲ್ಲಿ ಖಾತೆ ಇರುವ ನೂರಾರು ಜನರಿಗೂ 127.0.0.1 ಎಂದರೆ ಅದೇ ಅಂಗಳ. ಅವರಲ್ಲೊಬ್ಬರ ಹಳೆಯ ವರ್ಡ್‌ಪ್ರೆಸ್ ಪ್ಲಗಿನ್ ಒಡೆದು ಯಾರೋ ಒಳನುಗ್ಗಿದ್ದರೆ, ನಿಮ್ಮ ಸುರಂಗದ ಬಾಯಿ ಅವರಿಗೂ ತೆರೆದಿದೆ. ಅದರ ಕೊನೆ ನಿಮ್ಮ ಲ್ಯಾಪ್‌ಟಾಪು. ಶೇರ್ಡ್ ಹೋಸ್ಟಿಂಗ್‌ನಲ್ಲಿ ಆರ್ ಬೇಡ. ನನ್ನ ಮಟ್ಟಿಗೆ ಇದರಲ್ಲಿ ರಿಯಾಯಿತಿ ಇಲ್ಲ.

ಇದೇ ಕಾರಣಕ್ಕೆ ಡೇಟಾಬೇಸಿನ ಪಾಸ್‌ವರ್ಡೂ ಗಟ್ಟಿಯಾಗಿರಬೇಕು. ಸರ್ವರಿನ 3306 ಎಲ್ಲ ಬಾಡಿಗೆದಾರರಿಗೂ ಸಿಗುವ ನಲ್ಲಿ. ಲ್ಯಾಪ್‌ಟಾಪಿನ ಕೀಲಿಯನ್ನು ಸರ್ವರಿನಿಂದಲೂ ಬಳಸಗೊಡುವ ಏಜೆಂಟ್ ಫಾರ್ವರ್ಡಿಂಗ್, ಅಂದರೆ ದೊಡ್ಡ ಎ, ಕೂಡ ಬೇಡ. ನೀವು ಸಂಪರ್ಕದಲ್ಲಿರುವಷ್ಟು ಹೊತ್ತು ಸರ್ವರಿನ ರೂಟ್ ಅಧಿಕಾರ ಇರುವವರು ನಿಮ್ಮ ಕೀಲಿಯನ್ನು ನಿಮ್ಮ ಹೆಸರಿನಲ್ಲೇ ಬಳಸಬಹುದು.

ಡಿ ಸುರಂಗ ಬ್ರೌಸರಿನ ಎಲ್ಲ ಓಡಾಟವನ್ನೂ ಸರ್ವರಿನ ಮೂಲಕ ಕಳಿಸುವ ಸಾಕ್ಸ್ ಪ್ರಾಕ್ಸಿ. ಸಾರ್ವಜನಿಕ ವೈಫೈಯಲ್ಲಿ ಉಪಯೋಗಕ್ಕೆ ಬರುತ್ತದೆ. ಆದರೆ ಶೇರ್ಡ್ ಹೋಸ್ಟಿಂಗ್ ಕರಾರುಗಳು ಸಾಮಾನ್ಯವಾಗಿ ಪ್ರಾಕ್ಸಿಯನ್ನು ನಿಷೇಧಿಸುತ್ತವೆ. ಸೈಟ್ ಸಮೇತ ಖಾತೆ ನಿಂತುಹೋದರೆ ಸಿನಿಮಾ ನೋಡಿದ್ದಕ್ಕೆ ತೆತ್ತ ಬೆಲೆ ಜಾಸ್ತಿಯಾಯಿತು. ಬೇಕೇಬೇಕಿದ್ದರೆ ಸಣ್ಣ ವಿಪಿಎಸ್ ಕೊಳ್ಳಿ.

ಬಾಗಿಲು ತೆರೆಯದಿದ್ದಾಗ

ಮೊದಲು ಸಣ್ಣ ವಿ ಸೇರಿಸಿ ಆದೇಶ ಕೊಡಿ. ಎಸ್‌ಎಸ್‌ಎಚ್ ತಾನು ಮಾಡುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತದೆ.

'ಕನೆಕ್ಷನ್ ರೆಫ್ಯೂಸ್ಡ್' ಬಂದರೆ ಪೋರ್ಟ್ ತಪ್ಪಿದೆ, ಬಹುತೇಕ 22ಕ್ಕೆ ಹೋಗಿದ್ದೀರಿ. 'ಟೈಮ್ಡ್ ಔಟ್' ಬಂದು, ಹತ್ತು ನಿಮಿಷದ ಹಿಂದೆ ನಡೆಯುತ್ತಿತ್ತು ಎನ್ನುವುದಾದರೆ, ತಪ್ಪು ಪಾಸ್‌ವರ್ಡ್ ಪದೇ ಪದೇ ಕೊಟ್ಟು ಸರ್ವರಿನ ಫೈರ್‌ವಾಲ್ ನಿಮ್ಮ ಐಪಿಯನ್ನು ಹೊರಗಿಟ್ಟಿರಬಹುದು. ಫೋನಿನ ಹಾಟ್‌ಸ್ಪಾಟಿಗೆ ಬದಲಾಗಿ ನೋಡಿ. ಅಲ್ಲಿಂದ ಸೈಟೂ ಎಸ್‌ಎಸ್‌ಎಚ್ಚೂ ಸಿಗುತ್ತಿದ್ದರೆ ಅದೇ ಕಾರಣ. ಸಪೋರ್ಟಿಗೆ ನಿಮ್ಮ ಐಪಿ ಕೊಟ್ಟು ತೆಗೆಸಿ. ಕಚೇರಿಯ ನೆಟ್‌ವರ್ಕಿನಲ್ಲಿ ಮಾತ್ರ ಹೀಗಾಗುತ್ತಿದ್ದರೆ, ತಡೆಯುತ್ತಿರುವವರು ನಿಮ್ಮ ಕಚೇರಿಯವರೇ.

'ಪರ್ಮಿಷನ್ ಡಿನೈಡ್, ಪಬ್ಲಿಕ್‌ಕೀ' ಬಂದರೆ ಆಥರೈಸ್ ಒತ್ತಿದ್ದೀರಾ, ಅನುಮತಿಗಳು 700, 600 ಇವೆಯಾ, ಕಾನ್ಫಿಗ್‌ನಲ್ಲಿ ಸರಿಯಾದ ಫೈಲಿನ ಹೆಸರಿದೆಯಾ, ಈ ಕ್ರಮದಲ್ಲಿ ನೋಡಿ. 'ಅಡ್ರೆಸ್ ಆಲ್ರೆಡಿ ಇನ್ ಯೂಸ್' ಎಂದರೆ ನಿನ್ನೆಯ ಸುರಂಗ ಇನ್ನೂ ತೆರೆದೇ ಇದೆ. ಅದನ್ನು ಮುಚ್ಚಿ, ಇಲ್ಲವೇ 3308 ಹಾಕಿ.

'ರಿಮೋಟ್ ಹೋಸ್ಟ್ ಐಡೆಂಟಿಫಿಕೇಷನ್ ಹ್ಯಾಸ್ ಚೇಂಜ್ಡ್' ಎಂದು ದೊಡ್ಡಕ್ಷರದಲ್ಲಿ ಕಿರುಚಿದರೆ ಮಾತ್ರ ಕೈ ಕಟ್ಟಿ ಕೂರಿ. ಹೋಸ್ಟಿಂಗಿನವರು ನಿಮ್ಮ ಖಾತೆಯನ್ನು ಬೇರೆ ಸರ್ವರಿಗೆ ಸಾಗಿಸಿರಬಹುದು, ಹಾಗಿದ್ದರೆ ಇಮೇಲ್ ಬಂದಿರುತ್ತದೆ. ಬಂದಿರದಿದ್ದರೆ ಕೇಳಿ. ಹೌದು ಎಂದ ಮೇಲೆ, ಹೊಸ ಬೆರಳಚ್ಚು ಪಡೆದು, ಎಸ್‌ಎಸ್‌ಎಚ್-ಕೀಜೆನ್‌ಗೆ ದೊಡ್ಡ ಆರ್ ಜೊತೆ ಸರ್ವರಿನ ವಿಳಾಸ ಕೊಟ್ಟು ಹಳೆಯದನ್ನು ಅಳಿಸಿ. ಪೋರ್ಟ್ 22 ಅಲ್ಲದಿದ್ದರೆ ವಿಳಾಸವನ್ನು ಚೌಕ ಆವರಣದೊಳಗಿಟ್ಟು, ಕೋಲನ್, ಆಮೇಲೆ ಪೋರ್ಟ್ ಸಂಖ್ಯೆ ಬರೆಯಬೇಕು.

ಕೀಲಿ ಕೀಳುವುದು

ಕೀಲಿ ಕೊಡುವುದು ಐದು ನಿಮಿಷದ ಕೆಲಸ. ಡೆವಲಪರ್ ಕೆಲಸ ಮುಗಿಸಿ ಹೋದ ಮೇಲೆ ಕೀಳುವುದು ಯಾರಿಗೂ ನೆನಪಾಗುವುದಿಲ್ಲ. ಅದಕ್ಕೆ ಕೀಲಿ ಮಾಡುವಾಗಲೇ ಸಣ್ಣ ಅಲ್ಲ, ದೊಡ್ಡ ಸಿ ಆಯ್ಕೆಯೊಡನೆ ಉದ್ಧರಣ ಚಿಹ್ನೆಯ ನಡುವೆ ಹೆಸರು ಮತ್ತು ತಿಂಗಳು ಬರೆಸಿ. ಡಾಟ್ ಪಬ್ ಸಾಲಿನ ಕೊನೆಯಲ್ಲಿ ಅದು ಅಂಟಿಕೊಂಡಿರುತ್ತದೆ. ವರ್ಷಕ್ಕೊಮ್ಮೆ, ಡೊಮೇನ್ ನವೀಕರಣದ ಬಿಲ್ ಬಂದ ದಿನ, ಆಥರೈಸ್ಡ್_ಕೀಸ್ ಫೈಲನ್ನು ತೆರೆದು ಓದಿ. ಗುರುತು ಸಿಗದ ಸಾಲು ಕಂಡರೆ ಅಳಿಸಿ. ಅದು ಬೇಕಾಗಿದ್ದವರು ಫೋನ್ ಮಾಡುತ್ತಾರೆ.

ಲ್ಯಾಪ್‌ಟಾಪ್ ಕಳೆದರೆ ಫೋನಿನ ಬ್ರೌಸರಿನಿಂದಲೇ ಸಿಪ್ಯಾನೆಲ್‌ಗೆ ಹೋಗಿ, ಆ ಕೀಲಿಯ ಎದುರು 'ಡಿಆಥರೈಸ್' ಒತ್ತಿ. ಆಮೇಲೆ ಪೊಲೀಸ್ ಠಾಣೆಗೆ ಹೋಗಿ.